ಬಾಲದ ಅಕ್ಷರ

ಎರಡು ವರ್ಷದ ಓದನ್ನು ಪಾ ಹುವಾ ಆರು ವರ್ಷದಿಂದ ಓದುತ್ತಿದ್ದಳು. ಯಾರಾದರೂ ಕೆಣಕಿದರೆ, "ಬೇಯೋ ತನಕ ಕಾದೋಳು ಆರೋ ತನಕ ಕಾಯಲ್ವಾ?" ಎಂದು ನಕ್ಕುಬಿಡುತ್ತಿದ್ದಳು.

ಬೆಳಿಗ್ಗೆ ಐದೂವರೆಗೆ ಅವಳು ಶಾಲೆಯ ಅಡುಗೆಮನೆಯಲ್ಲಿರಬೇಕು. ಅಲ್ಲಿ ನಾನೂರು ಮಕ್ಕಳ ತಟ್ಟೆ ತುಂಬಿಸಿ ಮಧ್ಯಾಹ್ನ ಹೊರಬಿದ್ದರೆ ನೇರ ಊರಾಚೆಯ ಹೊಲಕ್ಕೆ. ಎರಡು ಎಕರೆ ಗೇಣಿ ಜಮೀನು. ನಿಂಬೆಹುಲ್ಲು, ಅಲಸಂದೆ, ಹಾಗಲ, ಸೂಜಿಮೆಣಸು. ಸಂಜೆ ಆರಕ್ಕೆ ಮನೆ. ಈ ಸಂದಿಗೊಂದಿಯಲ್ಲಿ ಫ್ರೆಸ್ನೋದ ಸಮುದಾಯ ಕಾಲೇಜಿನಲ್ಲಿ ವರ್ಷಕ್ಕೆ ಮೂರು ನಾಲ್ಕು ಪಾಠ. ಓದು ಮುಗಿದರೆ ಅದೇ ಶಾಲೆಯ ತರಗತಿಯೊಳಗೆ ಟೀಚರಮ್ಮನ ಸಹಾಯಕಿಯಾಗಿ ನಿಲ್ಲಬಹುದು. ಅನ್ನ ಕೊಟ್ಟ ಕೈ ಅಕ್ಷರವನ್ನೂ ಕೊಡಲಿ ಎಂಬುದು ಅವಳ ಆಸೆ. ದೊಡ್ಡ ಆಸೆಯೇನಲ್ಲ, ಆದರೆ ಬಿಡುವ ಆಸೆಯೂ ಅಲ್ಲ.

ಹೆಸರಿನಲ್ಲಿ ಪಾ ಎಂದರೆ ಹೂವು, ಹುವಾ ಎಂದರೆ ಮೋಡ. ಹೆಸರಿಟ್ಟವಳು ಅಜ್ಜಿ, ತಂದೆಯ ತಾಯಿ. ಲಾವೋಸಿನ ಗುಡ್ಡಗಾಡಿನಿಂದ ಬಂದ ಹ್ಮಾಂಗ್ ಜನರ ಮಾತಿನಲ್ಲಿ ಅಂಥ ಅಜ್ಜಿಯನ್ನು 'ಪೋ' ಎನ್ನುತ್ತಾರೆ. ಹೆತ್ತ ತಾಯಿ ಹೆರಿಗೆಯಲ್ಲೇ ಹೋದಳು, ತಂದೆ ಯುದ್ಧದಲ್ಲಿ ಹೋದ. ಲಾವೋಸಿನ ಕಾಡು, ದೊಡ್ಡ ನದಿ, ಥಾಯ್ಲೆಂಡಿನ ನಿರಾಶ್ರಿತರ ಕ್ಯಾಂಪು, ಎಲ್ಲವನ್ನೂ ಪಾ ಹುವಾ ದಾಟಿದ್ದು ಪೋಳ ಬೆನ್ನ ಮೇಲೆ. ನಾಲ್ಕು ವರ್ಷದವಳಾಗಿ ಈ ದೇಶದಲ್ಲಿ ವಿಮಾನದಿಂದ ಇಳಿದಾಗಲೂ ಬೆನ್ನ ಮೇಲೇ ಇದ್ದಳಂತೆ. ಮದುವೆಯಾದ ಹೆಣ್ಣು ತವರಿನ ಅಜ್ಜಿಯನ್ನು ತನ್ನ ಮನೆಯಲ್ಲಿ ಇಟ್ಟುಕೊಳ್ಳುವುದು ಅವರಲ್ಲಿ ರೂಢಿಯಿಲ್ಲ. ಆದರೆ ಪೋಗೆ ಬೇರೆ ಯಾರೂ ಉಳಿದಿರಲಿಲ್ಲ; ತಿಂಗಳಲ್ಲಿ ಇಪ್ಪತ್ತು ದಿನ ಲಾರಿ ಓಡಿಸುತ್ತ ಊರೂರು ತಿರುಗುವ ಗಂಡ ರೂಢಿಯ ಮಾತೆತ್ತುವ ಪೈಕಿಯವನಲ್ಲ. ಅಂಥ ಅಳಿಯ ಎಲ್ಲರಿಗೂ ಸಿಗಲಿ.

ಆ ವರ್ಷದ ಆಗಸ್ಟಿಗೆ ಪಾ ಹುವಾಳ ಓದಿನಲ್ಲಿ ಉಳಿದದ್ದು ಒಂದೇ ಒಂದು ಪಾಠ. ಮಾನವಿಕ ವಿಷಯಗಳು ಮತ್ತು ಭಾಷೆಗಳು ಎಂಬ ಪಟ್ಟಿಯಿಂದ ಯಾವುದಾದರೂ ಒಂದನ್ನು ಆರಿಸಬೇಕು. ಸುಲಭದ್ದೊಂದನ್ನು ಆರಿಸಿ ಕೈತೊಳೆದುಕೊಳ್ಳುವುದು ಎಂದೇ ಅವಳ ಲೆಕ್ಕಾಚಾರವಾಗಿತ್ತು. ಅಷ್ಟರಲ್ಲಿ ಅವರ ಪೈಕಿಯ ಮುದುಕನೊಬ್ಬ ತೀರಿಕೊಂಡ.

ಹ್ಮಾಂಗ್ ಜನ ಸತ್ತವರನ್ನು ಸುಮ್ಮನೆ ಕಳಿಸುವವರಲ್ಲ. ದಾರಿ ಹಾಡುವವನೊಬ್ಬ ಪಕ್ಕದಲ್ಲಿ ನಿಂತು, ಈ ಮನೆಯಿಂದ ಹಿಂದಿನ ಮನೆಗೆ, ಅಲ್ಲಿಂದ ಅದರ ಹಿಂದಿನದಕ್ಕೆ, ಹೀಗೆ ಬದುಕಿದ ಒಂದೊಂದೇ ಊರನ್ನು ಹೆಸರಿಸುತ್ತ ಜೀವವನ್ನು ಹುಟ್ಟಿದ ಊರಿಗೆ ಮುಟ್ಟಿಸುತ್ತಾನೆ. ಹುಟ್ಟಿದ ಮನೆಯ ನೆಲದಲ್ಲಿ ಹೆರಿಗೆಯಾದಾಗ ಹೂತಿಟ್ಟ ಮಾಸು ಅಲ್ಲಿ ಕಾದಿರುತ್ತದೆ. ಅದನ್ನು ಅಂಗಿಯಂತೆ ತೊಟ್ಟುಕೊಂಡ ಮೇಲೇ ಹಿರಿಯರ ಬಳಿಗೆ ಪ್ರವೇಶ. ಊರಿನ ಹೆಸರು ತಪ್ಪಿದರೆ ಜೀವ ನಡುದಾರಿಯಲ್ಲಿ ದಿಕ್ಕೆಟ್ಟಂತೆ.

ಅಂದು ಹಾಡುತ್ತಿದ್ದವನು ನೆಂಗ್ ಚು, ಪೋಳ ಗಂಡನ ಮನೆತನದವನು, ಪಾ ಹುವಾಗೆ ದೂರದ ಚಿಕ್ಕಪ್ಪನಾಗಬೇಕು. ಮುದುಕನ ಮೊಮ್ಮಗ ಊರುಗಳ ಪಟ್ಟಿಯನ್ನು ತನಗೆ ತೋಚಿದ ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಫೋನಿನಲ್ಲಿ ಬರೆದುಕೊಟ್ಟಿದ್ದ. ಚಿಕ್ಕಪ್ಪ ಅದನ್ನು ನೋಡಿಕೊಂಡು ಹಾಡುತ್ತ ಹಾಡುತ್ತ ಐದನೆಯ ಊರಿಗೆ ಬಂದದ್ದೇ ತಡ, ಹಿಂದೆ ಕೂತಿದ್ದ ಹೆಂಗಸರಲ್ಲಿ ಗುಸುಗುಸು ಎದ್ದಿತು.

"ಅಯ್ಯೋ, ಆ ಊರಿಗ್ಯಾಕೆ ಕಳಿಸ್ತಿದಾನೆ? ಅಲ್ಲಿ ಹೆಣ್ಣು ನಿಶ್ಚಯ ಮಾಡ್ಕೊಂಡು ಕೈ ಕೊಟ್ಟು ಬಂದಿದ್ದ ಕಣ್ರೇ ಈ ಮುದುಕ!"

"ಹೋದ್ರೆ ಕಾಲು ಮುರಿದು ಕೂರಿಸ್ತಾರೆ. ನಿಲ್ಸಿ, ನಿಲ್ಸಿ!"

ಹಾಡು ನಿಂತಿತು. ಒಂದೇ ಹೆಸರಿನಂತೆ ಕೇಳಿಸುವ ಎರಡು ಊರು. ರಾಗ, ಅಂದರೆ ದನಿಯ ಏರಿಳಿತ, ಮಾತ್ರ ಬೇರೆ. ಇಂಗ್ಲಿಷ್ ಸ್ಪೆಲ್ಲಿಂಗಿಗೆ ರಾಗ ಎಲ್ಲಿಂದ ಬರಬೇಕು? ಮೊಮ್ಮಗ ತಲೆ ತಗ್ಗಿಸಿದ, ಚಿಕ್ಕಪ್ಪ ಬೆವರೊರೆಸಿಕೊಂಡು ಮತ್ತೆ ಮೊದಲಿಂದ ಹಾಡಿದ. ಮುದುಕ ಅಂತೂ ಮಾನವಾಗಿ ಊರು ಸೇರಿದ.

ವಾಪಸು ಬರುವಾಗ ಕಾರಿನಲ್ಲಿ ಪೋ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಅವಳಿಗೆ ಆಗ ಎಂಬತ್ತೈದು. ಬದುಕಿರುವ ಹಿರಿಯರ ಸಾವಿನ ಮಾತನ್ನು ಮನೆಯವರು ಎತ್ತುವ ಹಾಗಿಲ್ಲ, ಎತ್ತಿದರೆ ಕೈಬೀಸಿ ಕರೆದಂತೆ. ಆಡಲೇಬೇಕಾದರೆ 'ನೂರಿಪ್ಪತ್ತು ತುಂಬಿದಾಗ' ಎನ್ನುತ್ತಾರೆ, ಅದನ್ನೂ ತಗ್ಗಿದ ದನಿಯಲ್ಲಿ. ಪೋ ಅದನ್ನೂ ಅನ್ನಲಿಲ್ಲ.

"ಈಗಿನ ಮಕ್ಕಳಿಗೆ ಬರೆಯೋಕೆ ಬರಲ್ಲ, ಪಾಪ" ಎಂದಳು. ಸ್ವಲ್ಪ ದೂರ ಹೋದ ಮೇಲೆ, "ನಂಗೆ ಎಲ್ಲಾ ಊರಿನ ಹೆಸರೂ ನೆನಪಿದೆ. ಹನ್ನೊಂದು" ಎಂದಳು.

ಪಾ ಹುವಾಗೆ ಆಗ ಹೊಳೆಯಿತು. ಆ ಹನ್ನೊಂದು ಹೆಸರು ಇರುವುದು ಆ ಒಂದು ಬೆಳ್ಳಿತಲೆಯೊಳಗೆ ಮಾತ್ರ. ಕೇಳದಿದ್ದರೆ ಅವು ಅಲ್ಲೇ ಉಳಿಯುತ್ತವೆ. ಕೇಳೋಣವೆಂದರೆ, 'ಪೋ, ನೀನು ಸತ್ತ ಮೇಲೆ ಯಾವ ಯಾವ ಊರಿನ ಮೇಲೆ ಹೋಗಬೇಕು?' ಎಂದು ಯಾವ ಬಾಯಲ್ಲಿ ಕೇಳುವುದು? ಇಷ್ಟಾಗಿ, ಕೇಳಿ ಬರೆದುಕೊಂಡರೂ ಅವಳೂ ಬರೆಯುವುದು ಆ ಮೊಮ್ಮಗನ ಹಾಗೆಯೇ. ಅವಳ ಹ್ಮಾಂಗ್ ಬಾಯಿಮಾತಿನದು. ಬರವಣಿಗೆ ಅವಳಿಗೆ ಇಂಗ್ಲಿಷಿನದು ಮಾತ್ರ ಗೊತ್ತು.

ಮರುವಾರ ಕಾಲೇಜಿನಲ್ಲಿ ಪಾಠ ಆರಿಸುವ ದಿನ. ಸಲಹೆ ಕೊಡುವ ಮಿಸೆಸ್ ಒರ್ಟೇಗಾ ಒಳ್ಳೆಯ ಹೆಂಗಸು, ಪಾ ಹುವಾಳ ಆರೂ ವರ್ಷವನ್ನು ಬಲ್ಲವಳು. ಪಟ್ಟಿಯನ್ನು ತಿರುಗಿಸಿ ಮುಂದಿಟ್ಟಳು. ತತ್ತ್ವಶಾಸ್ತ್ರ, ಚಿತ್ರಕಲೆಯ ಚರಿತ್ರೆ, ಜಗತ್ತಿನ ಧರ್ಮಗಳು, ಸ್ಪ್ಯಾನಿಷ್, ಸಿನಿಮಾ. ಇವೆಲ್ಲ ಸೇರಿದರೆ ಮಾನವಿಕವಂತೆ. ಮನುಷ್ಯನಿಗೆ ಬೇಕಾದ್ದೆಲ್ಲ ಒಂದು ಹಾಳೆಯಲ್ಲಿ ಬರೆದು, 'ಇದರಲ್ಲಿ ಒಂದನ್ನು ಮಾತ್ರ ತಗೋ' ಎನ್ನುವುದು ಯಾವ ನ್ಯಾಯವೋ.

"ಸಿನಿಮಾದ್ದು ತಗೊಳ್ಳಿ. ಪರೀಕ್ಷೆ ಇಲ್ಲ, ಕಾಲೇಜಿಗೆ ಬರೋದೂ ಬೇಡ. ಮನೇಲಿ ಕೂತು ನೋಡೋದು, ನೋಡಿದ್ದು ಹೇಗಿತ್ತು ಅಂತ ಬರೆಯೋದು. ನಿಮಗೂ ಸ್ವಲ್ಪ ಕಾಲು ಚಾಚಿ ಕೂತಂಗಾಗುತ್ತೆ."

ಪಾ ಹುವಾಳ ಬೆರಳು ಪಟ್ಟಿಯ ಮೇಲೆ ಇಳಿಯುತ್ತ ಇಳಿಯುತ್ತ ಒಂದು ಕಡೆ ನಿಂತಿತು. ಹ್ಮಾಂಗ್, ಮೊದಲ ಪಾಠ. ಮಂಗಳವಾರ, ಗುರುವಾರ ಮಧ್ಯಾಹ್ನ ಮೂರೂವರೆ.

"ಅದು ನಿಮ್ಮ ಮನೆಮಾತೇ ಅಲ್ವಾ?" ಎಂದಳು ಒರ್ಟೇಗಾ.

"ಹೌದು. ಅದಕ್ಕೇ" ಎಂದಳು ಪಾ ಹುವಾ.

ಮಗಳು ಶೆಂಗ್ ಅದೇ ಕಾಲೇಜಿನಲ್ಲಿ ನರ್ಸಿಂಗಿಗೆ ಓದುತ್ತಿದ್ದಳು. ಹತ್ತೊಂಬತ್ತು ವರ್ಷ, ಮಾತು ಮೆಣಸಿನಕಾಯಿ. ಸುದ್ದಿ ಕೇಳಿ ಬಿದ್ದು ಬಿದ್ದು ನಕ್ಕಳು.

"ಅಮ್ಮಾ, ಮೀನು ಈಜು ಕಲಿಯೋಕೆ ಕಾಲೇಜಿಗೆ ಹೋಗುತ್ತಾ?"

"ನನ್ನದು ಅಡುಗೆಮನೆ ಹ್ಮಾಂಗ್ ಕಣೇ. ಉಪ್ಪು ಕೊಡು, ಬಾಗಿಲು ಹಾಕು ಅನ್ನೋಕೆ ಬರುತ್ತೆ. ಬರೆಯೋಕೆ ಬರಲ್ಲ."

"ಬರ್ದು ಯಾರಿಗೆ ಕೊಡ್ಬೇಕು? ಪೋಗಂತೂ ಓದೋಕೆ ಬರಲ್ಲ. ಕೆಲಸಕ್ಕೆ ಬರೋ ಸ್ಪ್ಯಾನಿಷಾದ್ರೂ ತಗೋಬಾರ್ದಾ? ನಿನ್ನ ಸ್ಕೂಲಲ್ಲಿ ಅರ್ಧ ಮಕ್ಕಳು ಅದೇ ಮಾತಾಡ್ತವೆ."

ಮಗಳ ಮಾತಿನಲ್ಲಿ ಸುಳ್ಳಿರಲಿಲ್ಲ. ಪಾ ಹುವಾ ಕೊತ್ತಂಬರಿಗೆ ಹಸಿಮೆಣಸು ಹಾಕಿ ಕುಟ್ಟತೊಡಗಿದಳು. ಮೂಲೆಯಲ್ಲಿ ಕೂತು ಸಾಸಿವೆಸೊಪ್ಪು ಬಿಡಿಸುತ್ತಿದ್ದ ಪೋ ತಲೆಯೆತ್ತಲಿಲ್ಲ. ಆದರೆ ಮರುದಿನ ಬೆಳಿಗ್ಗೆ, "ಮಂಗಳವಾರ ಗುರುವಾರ ಹೊಲಕ್ಕೆ ಶೆಂಗ್ ಹೋಗ್ಲಿ. ಎಳೇ ಸೊಂಟ, ಬಗ್ಗುತ್ತೆ" ಎಂದು ತೀರ್ಪು ಕೊಟ್ಟುಬಿಟ್ಟಳು. ಶೆಂಗಳ ಮುಖ ಹಾಗಲಕಾಯಿ ತಿಂದಂತಾಯಿತು.

ಪಾಠ ಹೇಳುವ ಕೂ ಮೇಷ್ಟ್ರಿಗೆ ಮೂವತ್ತು ದಾಟಿರಲಿಲ್ಲ. ಮೊದಲ ದಿನವೇ ಹಲಗೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ನಾಲ್ಕೈದು ಹ್ಮಾಂಗ್ ಪದ ಬರೆದು, ಪ್ರತಿಯೊಂದರ ಕೊನೆಯ ಅಕ್ಷರವನ್ನು ಬೆರಳಿನಿಂದ ಮುಚ್ಚಿದರು. ಮುಚ್ಚಿದರೆ ಎಲ್ಲವೂ 'ಪೋ'.

"ನಮ್ಮ ಮಾತಿಗೆ ಎಂಟು ರಾಗ. ರಾಗ ಬದಲಾದ್ರೆ ಅರ್ಥ ಬದಲು. ಈ ಕೊನೇ ಅಕ್ಷರ ಇದೆಯಲ್ಲ, ಇದು ಬಾಲ. ಇದನ್ನ ಬರೀಬೇಕು, ಉಚ್ಚರಿಸಬಾರದು. ಎತ್ತರದ ದನಿಯೋ ತಗ್ಗಿನ ದನಿಯೋ ಅಂತ ಹೇಳೋಕೆ ಮಾತ್ರ ಇದು. 'ಜಿ' ಬಾಲ ಹಚ್ಚಿದ್ರೆ ಪೋ ಅಂದ್ರೆ ಅಜ್ಜಿ. 'ಎಸ್' ಬಾಲ ಹಚ್ಚಿದ್ರೆ ಮುಳ್ಳು."

ಎಲ್ಲರೂ ನಕ್ಕರು, ಪಾ ಹುವಾಳೂ ನಕ್ಕಳು. ಇಷ್ಟೇ ತಾನೇ ಎಂದುಕೊಂಡಳು.

ಇಷ್ಟೇ ಆಗಿರಲಿಲ್ಲ. ನಲವತ್ತು ವರ್ಷ ಇಂಗ್ಲಿಷ್ ಬರೆದ ಕೈ ಅವಳದು. ಒಂದಕ್ಕಿಂತ ಹೆಚ್ಚು ಕಂಡರೆ ಸಾಕು, ಕೊನೆಗೆ 'ಎಸ್' ಗೀಚಿಬಿಡುವ ಕೈ. ಯೋಚಿಸದೆ ಬರೆದಾಗಲೆಲ್ಲ ಪದದ ತುದಿಗೆ ಆ 'ಎಸ್' ತಾನಾಗಿ ಬಂದು ಕೂರುತ್ತಿತ್ತು. ಮೂರನೆಯ ವಾರ ಮೇಷ್ಟ್ರು 'ನನ್ನನ್ನು ಬೆಳೆಸಿದವರು' ಎಂಬ ವಿಷಯ ಕೊಟ್ಟರು. ಪಾ ಹುವಾ ತುಂಬ ಮನಸ್ಸಿಟ್ಟು ಬರೆದದ್ದನ್ನು ಮೇಷ್ಟ್ರು ಬಾಲ ತಪ್ಪದೆ ಗಟ್ಟಿಯಾಗಿ ಓದಿದರು: "ನನ್ನ ಮುಳ್ಳು ನನ್ನನ್ನು ಬೆನ್ನ ಮೇಲೆ ಹೊತ್ತು ನದಿ ದಾಟಿಸಿತು. ನನ್ನ ಮುಳ್ಳು ತಾನು ಉಣ್ಣದೆ ನನಗೆ ಉಣಿಸಿತು."

ತರಗತಿ ಹೊಟ್ಟೆ ಹಿಡಿದು ನಕ್ಕಿತು. "ತಪ್ಪು ತಿಳ್ಕೋಬೇಡಿ ಅಕ್ಕ, ಎಲ್ಲರೂ ಮಾಡೋ ತಪ್ಪೇ" ಎಂದರು ಮೇಷ್ಟ್ರು. ಅವಳೂ ನಕ್ಕಳು. ಕಾರಿನಲ್ಲಿ ಕೂತ ಮೇಲೆ ಅತ್ತಳು. ಅಜ್ಜಿ ಎಂಬ ಒಂದು ಪದವನ್ನೇ ಸರಿಯಾಗಿ ಬರೆಯಲಾರದವಳು ಹನ್ನೊಂದು ಊರು ಬರೆಯುವುದುಂಟೇ? ಪಾಠ ಬಿಡಲು ಇನ್ನೂ ಅವಕಾಶವಿತ್ತು. ಸಿನಿಮಾದ ತರಗತಿಯಲ್ಲಿ ಜಾಗವೂ ಇತ್ತು.

ಮನೆಯಲ್ಲಿ ಕೆಂಪಗಾದ ಕಣ್ಣು ನೋಡಿ ಪೋ ಬಿಡಲಿಲ್ಲ. ಹೇಳಿಸಿಕೊಂಡೇ ಹೇಳಿಸಿಕೊಂಡಳು. ಕೇಳಿ, ಉಳಿದ ನಾಲ್ಕು ಹಲ್ಲೂ ಕಾಣುವಂತೆ ನಕ್ಕಳು.

"ಸರಿಯಾಗೇ ಬರ್ದಿದೀಯಲ್ಲೇ! ನಾನು ಚುಚ್ಚದೆ ಇದ್ದಿದ್ರೆ ನೀನು ಈ ವಯಸ್ಸಲ್ಲಿ ಕಾಲೇಜಿಗೆ ಹೋಗ್ತಿದ್ಯಾ? ಹೋಗು, ಇನ್ನೊಂದ್ಸಲ ಬರಿ. ನಿನ್ನ ಮೇಷ್ಟ್ರಿಗೆ ಹೇಳು, ಮುಳ್ಳು ಕೇಳ್ತಾ ಇತ್ತು ಅಂತ."

ಆ ನಗುವಿನಲ್ಲೇ ಪಾ ಹುವಾಗೆ ಧೈರ್ಯ ಬಂತು. ಮರುದಿನ ಸಂಜೆ, ಬೆನ್ನು ತಿರುಗಿಸಿ ಅಕ್ಕಿ ತೊಳೆಯುತ್ತ, ಮುಖ ಕಾಣದ ಹಾಗೆ ಕೇಳಿದಳು:

"ಪೋ, ಮೇಷ್ಟ್ರು ಒಂದು ಮನೆಪಾಠ ಕೊಟ್ಟಿದಾರೆ. ಮನೇಲಿರೋ ಹಿರಿಯರು ಯಾವ್ಯಾವ ಊರಲ್ಲಿ ಬಾಳಿದ್ರು ಅಂತ ಬರ್ಕೊಂಡು ಬರ್ಬೇಕಂತೆ."

ಮೇಷ್ಟ್ರು ಅಂಥದ್ದೇನೂ ಕೊಟ್ಟಿರಲಿಲ್ಲ. ಪೋ, "ನಿಮ್ಮ ಮೇಷ್ಟ್ರು ಬುದ್ಧಿವಂತ ಕಣೇ" ಎಂದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವಳಿಗೆ ಗೊತ್ತೆಂದು ಇವಳಿಗೂ ಗೊತ್ತಿತ್ತು, ಇವಳಿಗೆ ಗೊತ್ತೆಂದು ಅವಳಿಗೂ. ಮನೆಪಾಠ ಎಂಬ ಆ ಒಂದು ಸುಳ್ಳು ಇಲ್ಲದಿದ್ದರೆ ಅವರು ಆ ದಾರಿಯಲ್ಲಿ ಒಂದು ಹೆಜ್ಜೆಯನ್ನೂ ಇಡುವ ಹಾಗಿರಲಿಲ್ಲ. ಕಾಲೇಜುಗಳಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ನಾನು ಇದನ್ನು ಹೇಳುತ್ತೇನೆ.

ಪೋ ವಾರಕ್ಕೆ ಒಂದೇ ಊರು ಹೇಳುತ್ತಿದ್ದಳು. "ಒಂದೇ ದಿನ ಅಷ್ಟೆಲ್ಲ ನಡೆಯೋಕೆ ನಂಗೆ ಮಂಡಿ ಇಲ್ಲ" ಎನ್ನುವಳು. ಊರಿನ ಜೊತೆಗೊಂದು ಮಾತು ಬರುತ್ತಿತ್ತು. ಒಂದು ಊರಿನಲ್ಲಿ ಮದುವೆಗೆಂದು ಎರಡು ವರ್ಷ ಕಸೂತಿ ಹಾಕಿದ ಲಂಗವನ್ನು ಹಂದಿ ತಿಂದುಹಾಕಿತ್ತು. ಇನ್ನೊಂದರಲ್ಲಿ ಅತ್ತೆ ಉಪ್ಪಿನ ಗಡಿಗೆಯನ್ನು ಸೊಸೆಯರಿಗೆ ಕಾಣದಂತೆ ಹೂತಿಟ್ಟು, ಕೊನೆಗೆ ತಾನೇ ಜಾಗ ಮರೆತಿದ್ದಳು. ಪಾ ಹುವಾ ಕೇಳುತ್ತ ಬರೆಯುವಳು, ಅಳಿಸುವಳು, ಮತ್ತೆ ಬರೆಯುವಳು. ಶೆಂಗ್ ಕೂಡ ಹೊಲದ ಮಣ್ಣು ತೊಳೆದುಕೊಂಡು ಬಂದು ಪಕ್ಕದಲ್ಲಿ ಕೂರತೊಡಗಿದಳು. ಹಂದಿಯ ಕಥೆಯನ್ನು ಮೂರು ಸಲ ಹೇಳಿಸಿದಳು.

ಪೋ ಹೇಳಿದ್ದು ಹುಟ್ಟೂರಿನಿಂದ ಈಚೆಗೆ. ಪಾ ಹುವಾ ಶುದ್ಧಪ್ರತಿ ಬರೆದದ್ದು ಈಚೆಯಿಂದ ಹುಟ್ಟೂರಿಗೆ. ಹಾಗೇಕೆ ಎಂದು ಯಾರೂ ಕೇಳಲಿಲ್ಲ.

ಡಿಸೆಂಬರ್ ಬಂತು. ಕಿಟಕಿಗೆ ಮಂಜು ಒರಗಿ ನಿಂತು ಎದುರುಮನೆಯೂ ಕಾಣದ ದಿನಗಳು. ಕೊನೆಯ ತರಗತಿ ಮುಗಿಸಿ ಪಾ ಹುವಾ ಆರಕ್ಕೆ ಮನೆಗೆ ಬಂದಳು. ಅನ್ನ ಬೆಂದಿತ್ತು. ಪೋ ಸೊಪ್ಪಿನ ಬುಟ್ಟಿಯನ್ನು ಮುಂದಿಟ್ಟುಕೊಂಡು, "ಎಲ್ಲಿ, ಓದು" ಎಂದಳು.

ಪಾ ಹುವಾ ಓದಿದಳು. ಕಲಿತದ್ದನ್ನೆಲ್ಲ ದನಿಗೆ ತಂದು, ಬಾಲ ಹೇಳಿದ ರಾಗದಲ್ಲೇ ಒಂದೊಂದು ಹೆಸರು. ಈ ಊರಿಗೆ ಬಂದ ಹೊಸದರಲ್ಲಿದ್ದ ಬಾಡಿಗೆ ಮನೆ. ಕ್ಯಾಂಪು. ನದಿಯ ದಡ. ಪೋ ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದಳು. ಆಮೇಲಿನದು ತೋ ಶಿಯಾ, ಎತ್ತರದ ಗುಡ್ಡ ಎಂಬ ಹೆಸರಿನ ಊರು.

ಸೊಪ್ಪು ಬಿಡಿಸುತ್ತಿದ್ದ ಕೈ ನಿಂತಿತು.

"ಏನಂದೆ?"

ಪಾ ಹುವಾ ಮತ್ತೆ ಓದಿದಳು. ಅವಳಿಗೂ ಈಗ ಕೇಳಿಸಿತು. ದನಿ ಮೇಲಿಂದ ಇಳಿಯಬೇಕಾದಲ್ಲಿ ಮೊದಲಿಂದಲೇ ತಗ್ಗಿನಲ್ಲಿತ್ತು. 'ಜೆ' ಬಾಲದ ತೋ ಎಂದರೆ ಗುಡ್ಡ. 'ಎಸ್' ಬಾಲದ ತೋ ಎಂದರೆ ಕಾಯು. ಕೈ ಮತ್ತೆ ಹಳೆಯ 'ಎಸ್' ಗೀಚಿತ್ತು.

"ಕಾಯು ಅಂತ ಬರ್ದಿದೀಯಲ್ಲೇ" ಎಂದಳು ಪೋ. ದನಿಯಲ್ಲಿ ನಗುವಿರಲಿಲ್ಲ. "ನಿಮ್ಮಪ್ಪ ಅಂದಿದ್ದೂ ಅದೇ ಮಾತು, ಅದೇ ಊರಲ್ಲಿ. 'ಅವ್ವಾ, ಇಲ್ಲೇ ಕಾಯ್ತಿರು, ನಾಳೆ ಬರ್ತೀನಿ' ಅಂದು ಇಳಿದು ಹೋದ. ಒಂಬತ್ತು ದಿನ ಕಾದೆ. ಬೆನ್ನ ಮೇಲೆ ನೀನು. ಹತ್ತನೇ ದಿನ ಜೊತೇಲಿದ್ದೋರು ಕೈ ಹಿಡಿದು ಎಳ್ಕೊಂಡು ಹೊರಟ್ರು."

ಇಷ್ಟು ವರ್ಷದಲ್ಲಿ ಪಾ ಹುವಾ ಇದನ್ನು ಕೇಳಿರಲಿಲ್ಲ. ಅಪ್ಪ ಯುದ್ಧದಲ್ಲಿ ಹೋದ ಎಂದಷ್ಟೇ ಗೊತ್ತಿತ್ತು. ಶೆಂಗ್ ಬಂದು ಪೋಳ ಮಗ್ಗುಲಲ್ಲಿ ಕೂತಳು.

"ಅಲ್ಲಿ ಮತ್ತೆ ಕಾಯು ಅಂತ ಬರೀಬೇಡ ಕಣೇ ಮಗಾ" ಎಂದಳು ಪೋ. "ಅಲ್ಲಿ ನಿಂತ್ರೆ ನಾನು ಮುಂದಕ್ಕೆ ಹೋಗೋಳಲ್ಲ. ಅವನು ಬಂದಾನು ಅಂತ ಕೂತುಬಿಡ್ತೀನಿ."

ಪಾ ಹುವಾ ರಬ್ಬರಿನಿಂದ ಉಜ್ಜಿದಳು. ಕಾಗದ ಹರಿಯುವಷ್ಟು ಉಜ್ಜಿ, ಬಾಯಲ್ಲಿ ಮೂರು ಸಲ ಹೇಳಿಕೊಂಡು, 'ಜೆ' ಬರೆದಳು. ಓದಿದಳು. ಗುಡ್ಡ. ಪೋ ತಲೆಯಾಡಿಸಿದಳು. ಗುಡ್ಡ ಇಳಿದು ಮುಂದಿನ ಊರುಗಳಿಗೆ ಹೋದರು, ಲಂಗ ತಿಂದ ಹಂದಿಯ ಊರು, ಉಪ್ಪಿನ ಗಡಿಗೆಯ ಊರು, ಕೊನೆಗೆ ಹಾ ಡೂ, ಕಪ್ಪು ಕಣಿವೆ, ಪೋ ಹುಟ್ಟಿದ ಊರು. ಒಂದು ರಾಗವೂ ತಪ್ಪಲಿಲ್ಲ.

"ಎಲ್ಲಾ ಸರಿಯಾಗಿದೆ" ಎಂದಳು ಪೋ ಕಣ್ಣು ತೆರೆದು. ಆಮೇಲೆ ಬಗ್ಗಿ ಹಾಳೆ ನೋಡಿದಳು. ಓದು ಬಾರದಿದ್ದರೂ ಎಣಿಸಲು ಬರುತ್ತಿತ್ತು. ಬೆರಳಿಟ್ಟು ಸಾಲು ಎಣಿಸಿದಳು. "ಹತ್ತೇ ಇದೆ. ಮೇಲೆ ಜಾಗ ಬಿಟ್ಟಿದೀಯ. ಈ ಮನೆ ಎಲ್ಲಿ? ದಾರಿ ಅನ್ನೋದು ಹೊಸ್ತಿಲಿಂದ ತಾನೇ ಶುರುವಾಗೋದು?"

ದಾರಿ ಎಂಬ ಮಾತು ಮೊದಲ ಸಲ ಬಾಯಿಂದ ಬಂದಿತ್ತು. ಶೆಂಗ್ ಅಮ್ಮನ ಮುಖ ನೋಡಿದಳು.

ಆ ಸಾಲನ್ನು ಪಾ ಹುವಾ ಮರೆತಿರಲಿಲ್ಲ. ನಾಲ್ಕು ವಾರದಿಂದ ಬರೆಯಲಾಗದೆ ಬಿಟ್ಟಿದ್ದಳು. ಬೇರೆ ಊರುಗಳೆಲ್ಲ ಪೋ ಬಿಟ್ಟುಬಂದ ಊರುಗಳು. ಇದೊಂದೇ ಅವಳು ಇನ್ನೂ ಇರುವ ಊರು. ಇದನ್ನು ಬರೆದರೆ ತಾನೇ ಎದ್ದು ಬಾಗಿಲು ತೆಗೆದು, ಹೊರಡು ಎಂದಂತೆ. ಬೆನ್ನ ಮೇಲೆ ಹೊತ್ತವಳಿಗೆ ಅದನ್ನು ಹೇಗೆ ಹೇಳುವುದು?

"ಬರೀ" ಎಂದಳು ಪೋ. "ಮನೆಪಾಠ ಅರ್ಧ ಬಿಡಬಾರ್ದು."

ಪಾ ಹುವಾ ಪೆನ್ಸಿಲ್ ಎತ್ತಿಕೊಂಡಳು. ಮೂರೇ ಅಕ್ಷರ ಬರೆದಳು. ಈ ಸಲ ಕೈ ಅಲ್ಲ, ಅವಳೇ ಬರೆದಳು.

"ಏನು ಬರ್ದೆ?"

"ತೋ."

"ಗುಡ್ಡವಾ? ಈ ಊರಲ್ಲಿ ಗುಡ್ಡ ಎಲ್ಲಿದೆಯೇ, ತಟ್ಟೆ ಹಾಗಿದೆ!"

"ಗುಡ್ಡ ಅಲ್ಲ ಪೋ. ಆ ಇನ್ನೊಂದು ತೋ. ಬಾಲ ಸರಿಯಾಗೇ ಹಚ್ಚಿದೀನಿ. ಮೇಷ್ಟ್ರು ನೋಡಿದ್ರೂ ತಪ್ಪು ಹಾಕಲ್ಲ."

ಪೋ ಆ ಮೂರು ಅಕ್ಷರಗಳ ಮೇಲೆ ಬೆರಳಾಡಿಸಿದಳು.

"ಜನವರಿಗೆ ಎರಡನೇ ಪಾಠ ಶುರುವಾಗುತ್ತೆ" ಎಂದಳು ಪಾ ಹುವಾ. "ಸೇರ್ಕೊಂಡಿದೀನಿ."

"ಅಮ್ಮಾ! ನಿನ್ನ ಓದು ಮುಗೀತಲ್ಲ, ಇನ್ನು ಯಾವ ಪಾಠವೂ ಬೇಡ ಅಂದ್ರಲ್ಲ ಒರ್ಟೇಗಾ ಮೇಡಮ್!" ಎಂದಳು ಶೆಂಗ್.

"ಅವರಿಗೆ ಬೇಡ. ನಂಗೆ ಬೇಕು. ಮಂಗಳವಾರ, ಗುರುವಾರ."

ಪೋ ಸೊಪ್ಪಿನ ಬುಟ್ಟಿಯನ್ನು ಮತ್ತೆ ಮಡಿಲಿಗೆ ಎಳೆದುಕೊಂಡಳು. "ಗುಡ್ಡದ ಮೇಲೆ ಒಂಬತ್ತು ದಿನ ಕಾದಾಗ ಯಾರೂ ಬರ್ಲಿಲ್ಲ" ಎಂದಳು. "ನೀನಾದ್ರೆ ದಿನಾ ಆರು ಗಂಟೆಗೆ ಬರ್ತೀಯ. ಕಾಯ್ತೀನಿ, ಹೋಗಿ ಓದ್ಕೊಂಡು ಬಾ."